ಪ್ರತಿಕ್ರಿಯೆ: ಲಾಬಿ ದಾಖಲೆಯಲ್ಲಿ ಬ್ರೋಕರೇಜ್ ಕಂಪನಿಯ ಸುಳಿವಿಲ್ಲ

ಅಮೆರಿಕದ ಸೋಷಿಯಲ್ ಸೆಕ್ಯುರಿಟಿಯನ್ನು (ಸಂಬಳದ ತೆರಿಗೆಯಿಂದ ನಡೆಯುವ ಸರ್ಕಾರಿ ಪಿಂಚಣಿ) ಖಾಸಗಿ ಖಾತೆಗಳಿಗೆ ತಿರುಗಿಸಲು ನೀವು ಷೇರು ಇಟ್ಟುಕೊಂಡಿರುವ ಬ್ರೋಕರೇಜ್ ಕಂಪನಿ ಬೆಂಬಲ ಕೊಡುತ್ತಿದೆ ಅಂತಾರೆ, ಆದರೆ ಸೆನೆಟ್‌ನ ಲಾಬಿ ದಾಖಲೆಯಲ್ಲಿ, ಅಂದರೆ ಕಾನೂನು-ನೀತಿಗಳ ಮೇಲೆ ಯಾರು ಪ್ರಭಾವ ಬೀರಲು ಯತ್ನಿಸುತ್ತಿದ್ದಾರೆ ಅಂತ ತೋರಿಸುವ ದಾಖಲೆಯಲ್ಲಿ, ಏನೂ ಇಲ್ಲ, ಅಲ್ವಾ? ಬಹುಶಃ ಕಂಪನಿ ನೇರವಾಗಿ ಲಾಬಿ ಮಾಡುತ್ತಿಲ್ಲ, ತಾನು ಸದಸ್ಯನಾಗಿರುವ ಉದ್ಯಮ ಒಕ್ಕೂಟದ ಮೂಲಕ ಮಾಡಿಸುತ್ತಿದೆ. 2005ರಲ್ಲಿ ಅಧ್ಯಕ್ಷ ಬುಷ್ ಸಂಬಳದ 4% ವರೆಗಿನ ತೆರಿಗೆಯನ್ನು ಖಾಸಗಿ ಖಾತೆಗೆ ಬಿಡಲು ಹೊರಟಾಗಲೂ ಇಂಥ ಒಕ್ಕೂಟಗಳೇ ಮುಂದಿದ್ದವು. ಕಾರ್ಮಿಕ ಸಂಘಗಳು ಒತ್ತಡ ಹಾಕಿದ ಮೇಲೆ ಎಡ್ವರ್ಡ್ ಜೋನ್ಸ್, ವಾಡೆಲ್ ಅಂಡ್ ರೀಡ್ ಎಂಬ ಹೂಡಿಕೆ ಕಂಪನಿಗಳು ಅಂಥ ಒಂದು ಒಕ್ಕೂಟದಿಂದ ಹೊರಬಂದವು. ಹಾಗಾಗಿ ಕಂಪನಿಗೆ ಪತ್ರ ಬರೆಯೋದು ವ್ಯರ್ಥ ಅಂದುಕೊಳ್ಳಬೇಡಿ.

ಮೊದಲು ಕಂಪನಿಯ ವೆಬ್‌ಸೈಟಿನಲ್ಲಿ ರಾಜಕೀಯ ವೆಚ್ಚದ ಪುಟ ಇದೆಯೇ ನೋಡಿ. ಯಾವ ಒಕ್ಕೂಟಗಳ ಸದಸ್ಯ ಅಂತ ಬರೆದಿಟ್ಟುಕೊಳ್ಳಿ. ಆಮೇಲೆ ಆ ಹೆಸರುಗಳನ್ನು ಅದೇ ಸೆನೆಟ್ ದಾಖಲೆಯಲ್ಲಿ ಹುಡುಕಿ. ವರದಿ ಮೂರು ತಿಂಗಳಿಗೊಮ್ಮೆ ಬರುತ್ತದೆ. ಸಿಕ್ಕರೆ ಕಂಪನಿಗೆ ಒಂದೇ ಪ್ರಶ್ನೆ ಬರೆಯಿರಿ: ಒಕ್ಕೂಟದ ಈ ನಿಲುವು ನಿಮ್ಮದೂ ಹೌದೇ? ಜಾಸ್ತಿ ಕೇಳಿದರೆ ನುಣುಚಿಕೊಳ್ಳುತ್ತಾರೆ.

ಕಂಪನಿಯ ಷೇರು ನಿಮ್ಮ ಹೆಸರಲ್ಲೇ ಇದೆಯೋ, 401-ಕೆ (ಕೆಲಸ ಕೊಟ್ಟವರ ಮೂಲಕ ನಡೆಯುವ ನಿವೃತ್ತಿ ಉಳಿತಾಯ) ಫಂಡಿನೊಳಗಿದೆಯೋ ನೀವು ಹೇಳಿಲ್ಲ. ನೇರವಾಗಿದ್ದು, 2,000 ಡಾಲರ್ ಮೌಲ್ಯದ ಷೇರನ್ನು 3 ವರ್ಷ ಇಟ್ಟುಕೊಂಡಿದ್ದರೆ, ಅಮೆರಿಕದ ಷೇರುಪೇಟೆ ನಿಯಂತ್ರಕರ 14ಎ-8 ನಿಯಮದಡಿ ಷೇರುದಾರರ ನಿರ್ಣಯ (ಕಂಪನಿಯ ಸಭೆಯಲ್ಲಿ ಮತಕ್ಕೆ ಹಾಕುವ ಪ್ರಸ್ತಾವ) ಕಳಿಸಬಹುದು. 500 ಪದ ಮೀರಬಾರದು. ಈ ನಿಯಮವನ್ನು ಆಗಾಗ ತಿದ್ದುತ್ತಾರೆ, ಕಳಿಸುವ ಮುನ್ನ ನೋಡಿಕೊಳ್ಳಿ. ಫಂಡಿನೊಳಗಿದ್ದರೆ ಮತ ಹಾಕೋದು ಫಂಡ್ ಮ್ಯಾನೇಜರ್, ನೀವಲ್ಲ. ಆಗ ನಿಮ್ಮ ಆಫೀಸಿನ 401-ಕೆ ನೋಡಿಕೊಳ್ಳುವವರಿಗೆ ಬರೆಯಿರಿ, ಸಹೋದ್ಯೋಗಿಗಳ ಸಹಿಯನ್ನೂ ಸೇರಿಸಿ.