ಇಳಿಜಾರಿನಲ್ಲಿ ಇಂಜಿನ್ ಕೂಗಿದರೆ ಕೂಗಲಿ ಬಿಡಿ

ಪ್ರಶ್ನೆ: ನನ್ನದು ಆಟೋಮ್ಯಾಟಿಕ್ ಪೆಟ್ರೋಲ್ ಕಾರು. ಗೇರ್ ಲಿವರ್‌ನಲ್ಲಿ ‘ಡಿ’ ಪಕ್ಕ ‘ಎಂ’ (ಮ್ಯಾನ್ಯುಯಲ್, ಗೇರ್ ನಾವೇ ಬದಲಿಸುವುದು) ಇದೆ, ಪ್ಲಸ್, ಮೈನಸ್ ಗುರುತುಗಳಿವೆ. ಕಡಿದಾದ ಇಳಿಜಾರಿನಲ್ಲಿ ‘ಎಂ’ಗೆ ಹಾಕಿ 2ನೇ ಗೇರ್‌ಗೆ ತಂದರೆ ಆರ್‌ಪಿಎಂ (ಇಂಜಿನ್ ನಿಮಿಷಕ್ಕೆ ಸುತ್ತುವ ಸಂಖ್ಯೆ) 4,000 ಮುಟ್ಟಿ ಇಂಜಿನ್ ಕೂಗುತ್ತದೆ. ಇಂಜಿನ್ ಹಾಳಾಗುವುದಿಲ್ಲವೇ? ಪೆಟ್ರೋಲ್ ಜಾಸ್ತಿ ಕುಡಿಯುವುದಿಲ್ಲವೇ? ಬ್ರೇಕ್ ಇದೆಯಲ್ಲ, ಸಾಲದೇ?

ಉತ್ತರ: ಈ ಭಯ ನಿಮ್ಮೊಬ್ಬರದಲ್ಲ. ನಾನು ಡ್ರೈವಿಂಗ್ ಕಲಿಸುವಾಗ ನೋಡುತ್ತಲೇ ಇರುತ್ತೇನೆ. ಇಂಜಿನ್ ದನಿ ಏರಿದ ಕೂಡಲೇ ಕಲಿಯುವವರ ಕೈ ಪ್ಲಸ್ ಕಡೆಗೆ ಓಡುತ್ತದೆ. ತಡೀರಿ ಅನ್ನುತ್ತೇನೆ. ಪೆಟ್ರೋಲ್ ಇಂಜಿನ್‌ಗೆ ಕೆಂಪು ಗೆರೆ, ಅಂದರೆ ಆರ್‌ಪಿಎಂ ದಾಟಬಾರದ ಮಿತಿ, ಸಾಮಾನ್ಯವಾಗಿ 6,000ದ ಆಸುಪಾಸಿನಲ್ಲಿರುತ್ತದೆ. 4,000 ಅದಕ್ಕೆ ಹಿಂಸೆಯಲ್ಲ.

ಇನ್ನು ಪೆಟ್ರೋಲ್. ಆಕ್ಸಿಲರೇಟರ್‌ನಿಂದ ಕಾಲು ತೆಗೆದು ಗೇರ್‌ನಲ್ಲೇ ಇಳಿಯುವಾಗ ಈಗಿನ ಕಾರುಗಳು ಇಂಜಿನ್‌ಗೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್‌ಗಳನ್ನೇ ಮುಚ್ಚಿಬಿಡುತ್ತವೆ. ಆಗ ಇಂಜಿನ್ನನ್ನು ತಿರುಗಿಸುವುದು ಚಕ್ರಗಳು, ಪೆಟ್ರೋಲ್ ಅಲ್ಲ. ಉಳಿತಾಯ ಅಂತ ನ್ಯೂಟ್ರಲ್‌ನಲ್ಲಿ ಇಳಿಯುವವರೇ ಸುಮ್ನೆ ಪೆಟ್ರೋಲ್ ಸುಡುತ್ತಾರೆ. ಇಂಜಿನ್ ಐಡಲ್‌ನಲ್ಲಿ ಓಡಬೇಕಲ್ವಾ!

ಬ್ರೇಕ್ ಸಾಲದೇ ಅಂದಿರಿ. ಉದ್ದದ ಇಳಿಜಾರಿನಲ್ಲಿ ಸಾಲದು. ಪೆಡಲ್ ಒತ್ತಿಕೊಂಡೇ ಇದ್ದರೆ ಪ್ಯಾಡ್ ಕಾದು ಹಿಡಿತ ಕಳೆದುಕೊಳ್ಳುತ್ತದೆ. ಅದಕ್ಕಿಂತ ಕೆಟ್ಟದ್ದು ಬ್ರೇಕ್ ಆಯಿಲ್ ಕುದಿಯುವುದು. ಡಾಟ್ 3 ಎಂಬ ದರ್ಜೆಯ ಹೊಸ ಬ್ರೇಕ್ ಆಯಿಲ್ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ಅದರ ಮಾನದಂಡ. ಆದರೆ ಅದು ಗಾಳಿಯ ತೇವ ಹೀರುತ್ತದೆ. ಹಾಗೆ ತೇವ ಹಿಡಿದದ್ದಕ್ಕೆ ಮಿತಿ 140 ಡಿಗ್ರಿ ಅಷ್ಟೆ. ಕುದ್ದರೆ ಒಳಗೆ ಆವಿಯ ಗುಳ್ಳೆ ಏಳುತ್ತದೆ. ನೀವು ಒತ್ತಿದ್ದೆಲ್ಲ ಆ ಗುಳ್ಳೆ ಅದುಮುವುದಕ್ಕೇ ಹೋಗಿ, ಪೆಡಲ್ ತಳ ಮುಟ್ಟಿದರೂ ಕಾರು ನಿಲ್ಲುವುದಿಲ್ಲ. ಆಯಿಲ್ ಬದಲಿಸಿ ವರ್ಷಗಳಾಗಿದ್ದರೆ ಮೊದಲು ಆ ಕೆಲಸ ಮಾಡಿಸಿ.

ಕೆಳಗಿನ ಗೇರ್‌ನಲ್ಲಿ ಇಂಜಿನ್ನೇ ಕಾರನ್ನು ತಡೆಯುತ್ತದೆ, ಬ್ರೇಕ್‌ಗೆ ಬಿಡುವು ಸಿಗುತ್ತದೆ. ಆದರೆ ಗೇರ್ ಇಳಿಸುವುದು ಇಳಿಜಾರು ಶುರುವಾಗುವ ಮೊದಲೇ ಆಗಬೇಕು. ವೇಗ ಏರಿದ ಮೇಲೆ ಮೈನಸ್ ಒತ್ತಿದರೆ ಕಂಪ್ಯೂಟರ್ ಒಪ್ಪುವುದಿಲ್ಲ, ಇಂಜಿನ್ ಕೆಂಪು ಗೆರೆ ದಾಟೀತು ಅಂತ ತಡೆಯುತ್ತದೆ. ಆಗ ಗಟ್ಟಿಯಾಗಿ ಬ್ರೇಕ್ ಹಾಕಿ ವೇಗ ಇಳಿಸಿ, ಮತ್ತೆ ಮೈನಸ್ ಒತ್ತಿ. 2ರಲ್ಲೂ ಕಾರಿನ ವೇಗ ಏರುತ್ತಲೇ ಇದ್ದರೆ 1ಕ್ಕೆ ತನ್ನಿ. ರಸ್ತೆ ಒದ್ದೆಯಾಗಿದ್ದರೆ ಒಂದೊಂದೇ ಗೇರ್, ನಿಧಾನವಾಗಿ. ಇಂಜಿನ್ ತಡೆಯುವಾಗ ಬ್ರೇಕ್ ಲೈಟ್ ಹತ್ತುವುದಿಲ್ಲ. ಹಿಂದೆ ಯಾರಾದರೂ ಅಂಟಿಕೊಂಡು ಬರುತ್ತಿದ್ದರೆ ಪೆಡಲ್ ಮೇಲೆ ಕಾಲು ಮುಟ್ಟಿಸಿ ಅವರಿಗೆ ತಿಳಿಸಿ.

ಏರುವಾಗ ‘ಎಂ’ ಅಷ್ಟೊಂದು ಬೇಕಾಗುವುದಿಲ್ಲ. ‘ಡಿ’ಯಲ್ಲಿ ಕಾರು 2, 3 ಅಂತ ಗೇರ್ ಬದಲಿಸುತ್ತಾ ಒದ್ದಾಡಿದರೆ ಮಾತ್ರ ‘ಎಂ’ಗೆ ಹಾಕಿ 2ರಲ್ಲಿ ಹಿಡಿದಿಡಿ.