ಲಕ್ಷ್ಮೀಪೂಜೆಯ ಕವರು

ತಮ್ಮಾ, ನಿನ್ನ ಮೆಸೇಜು ನೋಡಿದೆ. ಮುಂಬೈಗೆ ಹೋಟೆಲ್ ಕೆಲಸಕ್ಕೆ ಬಂದರೆ ಶನಿವಾರದ ಉಪವಾಸ, ಹಬ್ಬದ ರಜೆ ಇವೆಲ್ಲ ಸಂಬಳಕ್ಕೆ ಅಡ್ಡ ಬರುತ್ತಾ, ಧಣಿ ದೈವಭಕ್ತರಾದರೆ ಒಳ್ಳೆಯದಲ್ವಾ ಅಂತ ಕೇಳಿದ್ದೀಯ.

ಉಪವಾಸಕ್ಕೆ ಯಾರೂ ಏನೂ ಅನ್ನುವುದಿಲ್ಲ. ಹಬ್ಬದ ದಿನ ರಜೆ ಮಾತ್ರ ಕಷ್ಟ. ಒಂದು ಆಷಾಢ ಏಕಾದಶಿಗೆ ನಾನೂ ಉಪವಾಸ. ಬೆಳಿಗ್ಗೆಯಿಂದ ಉಪವಾಸದ ಗಿರಾಕಿಗಳಿಗೆ ಸಾಬೂದಾನ ಖಿಚಡಿ ಹೊತ್ತು ಹೊತ್ತು ಕೈ ಸೋತಿತ್ತು. ಹುರಿದ ಶೇಂಗಾ ಪರಿಮಳಕ್ಕೆ ಹೊಟ್ಟೆ ಚುರುಗುಟ್ಟುತ್ತಿತ್ತು. ಟಿಪ್ಸ್ ಚೆನ್ನಾಗಿ ಬಂತು ಅನ್ನು. ಮೀನಿನ ಹೋಟೆಲಾದರೆ ಶ್ರಾವಣದಲ್ಲಿ ಇದರ ಉಲ್ಟಾ, ಆಗ ಬಹಳ ಜನ ಮೀನು ಬಿಟ್ಟಿರುತ್ತಾರೆ. ರೂಮಿನ ಚಿಂತೆ ಬೇಡ, ಬಂದ ಮೇಲೆ ನೋಡೋಣ.

ಧಣಿಯ ಭಕ್ತಿಯ ವಿಷಯ ಸ್ವಲ್ಪ ಕೇಳು. ನಾನು 1991ರಲ್ಲಿ ಕುಂದಾಪುರದಿಂದ ಬಸ್ಸಿನಲ್ಲಿ ಬಂದವನು, ಕೊಂಕಣ ರೈಲು ಆಗ ಎಲ್ಲಿತ್ತು? ನಮ್ಮ ಧಣಿ ದೇವರ ಫೋಟೋಗೆ ಹೂ ಇಡದೆ ಗಲ್ಲಾ ಮುಟ್ಟುತ್ತಿರಲಿಲ್ಲ. ದೀಪಾವಳಿಯ ಲಕ್ಷ್ಮೀಪೂಜೆ ರಾತ್ರಿ ಕುಂಕುಮ ಹಚ್ಚಿದ ಕವರು ಒಬ್ಬೊಬ್ಬರ ಕೈಗೆ ಕೊಡುತ್ತಿದ್ದರು. ಕಾಲಿಗೆ ಬಿದ್ದು ತೆಗೆದುಕೊಳ್ಳುತ್ತಿದ್ದೆವು. ಎದುರಿಗೇ ತೆರೆಯಲು ಮನಸ್ಸು ಬರುತ್ತಿರಲಿಲ್ಲ. ಪ್ರಸಾದವನ್ನು ಯಾರಾದರೂ ಎಣಿಸುತ್ತಾರಾ? ಮೊದಲ ವರ್ಷ 101 ರೂಪಾಯಿ, ಒಂಬತ್ತನೇ ವರ್ಷ 251.

ಆಮೇಲೊಮ್ಮೆ ನನ್ನ ರಾತ್ರಿ ಶಾಲೆಯ ಮೇಷ್ಟ್ರು ಚಹಾಕ್ಕೆ ಬಂದವರು, ಬಿಲ್ಲಿನ ಹಿಂದೆ ಲೆಕ್ಕ ಬರೆದು ತೋರಿಸಿದರು. 20 ಅಥವಾ ಹೆಚ್ಚು ಜನ ದುಡಿಯುವ ಕಡೆ, ಆಗಿದ್ದ 1965ರ ಬೋನಸ್ ಕಾನೂನಿನ ಪ್ರಕಾರ ಕಡಿಮೆ ಅಂದರೂ ವರ್ಷದ ಸಂಬಳದ 8.33% ಕೊಡಬೇಕಿತ್ತು. ನಾವು 26 ಜನ ಇದ್ದೆವು. ನನ್ನ ಸಂಬಳ ಆಗ 1,800, ವರ್ಷಕ್ಕೆ 21,600. ಹೆಚ್ಚುಕಮ್ಮಿ ಒಂದು ತಿಂಗಳ ಸಂಬಳವೇ ಬರಬೇಕಿತ್ತು. ಅದೇ ವರ್ಷ ಊರಲ್ಲಿ ಅಪ್ಪಯ್ಯ ತಂಗಿಯ ಮದುವೆಗೆ ಗದ್ದೆ ಅಡವಿಟ್ಟಿದ್ದರು.

ಗೊತ್ತಾದ ಮೇಲೂ ನಾನು ಕೇಳಲಿಲ್ಲ. ಧಣಿ ಕೆಟ್ಟವರಲ್ಲ ನೋಡು. ಜ್ವರ ಬಂದಾಗ ಮನೆಯಿಂದ ಗಂಜಿ ಕಳಿಸುತ್ತಿದ್ದರು. ಆ ಕುಂಕುಮದ ಕೈಗೆ ಲೆಕ್ಕ ಕೇಳಲು ನಾಲಿಗೆ ಏಳಲಿಲ್ಲ. ಸುಮ್ನೆ ಕೆಲಸ ಬಿಟ್ಟೆ. ಗದ್ದೆ ಬಿಡಿಸಲು ಇನ್ನೂ ನಾಲ್ಕು ವರ್ಷ ಹಿಡಿಯಿತು. ಅಷ್ಟರಲ್ಲಿ ಅಪ್ಪಯ್ಯ ಇರಲಿಲ್ಲ.

ಈಗ ನನ್ನದೇ ಸಣ್ಣ ಕ್ಯಾಂಟೀನು, ಆರೇ ಜನ. ಕಾನೂನು ನನಗೆ ತಾಗುವುದಿಲ್ಲ. ಆದರೂ ಒಂದು ತಿಂಗಳ ಸಂಬಳ ಕೊಡುತ್ತೇನೆ, ಕುಂಕುಮ ಹಚ್ಚಿಯೇ. ಎದುರಿಗೇ ಎಣಿಸಿ ಅನ್ನುತ್ತೇನೆ, ಹುಡುಗರು ನಾಚಿಕೊಂಡು ಕಿಸೆಗೆ ಹಾಕುತ್ತಾರೆ.

ನೀನು ಸೇರುವ ಕಡೆ ಎಷ್ಟು ಜನ ಇದ್ದಾರೆ, ಮೊದಲು ವಿಚಾರಿಸು. ಹೊರಡುವ ಮುಂಚೆ ಕೊಲ್ಲೂರಿಗೆ ಹೋದರೆ ನನ್ನ ಹೆಸರಲ್ಲೂ ಒಂದು ಕುಂಕುಮಾರ್ಚನೆ ಮಾಡಿಸು. ರಶೀದಿ ಇಟ್ಟುಕೊ, ಬಂದಾಗ ದುಡ್ಡು ಎಣಿಸಿ ಕೊಡುತ್ತೇನೆ.