ಮೂರು ಗಂಟೆ ಕಾಯಬೇಕಾದ ವಾಲ್ವ್, 25 ದಿನ ಕಾಯಬೇಕಾದ ಟೈಮರ್

ಪ್ರಶ್ನೆ: ಸಾರ್, ನಮ್ದು ಪೊನ್ನಂಪೇಟೆ ಹತ್ರ ರೋಬಸ್ಟಾ ಕಾಫಿ ತೋಟ. ಕೆರೆ ಮೋಟಾರಿಗೂ ನಾಲ್ಕು ಬ್ಲಾಕಿನ ವಾಲ್ವಿಗೂ ರಾಸ್ಪ್‌ಬೆರಿ ಪೈ 4 ಅನ್ನೋ ಪುಟ್ಟ ಕಂಪ್ಯೂಟರ್ ಸೇರ್ಸಿ ನೋಡ್‌ಜೆಎಸ್‌ನಲ್ಲಿ (ಜಾವಾಸ್ಕ್ರಿಪ್ಟ್ ಓಡಿಸೋ ತಂತ್ರಾಂಶ) ಪ್ರೋಗ್ರಾಂ ಬರ್ದಿದ್ದೀನಿ. ಒಂದೊಂದು ಬ್ಲಾಕಿಗೆ ಮೂರು ಗಂಟೆ ಅಂತ ಫಾರ್ ಲೂಪ್ (ಒಂದೇ ಕೆಲ್ಸ ಮತ್ತೆ ಮತ್ತೆ ಮಾಡ್ಸೋ ಕೋಡ್) ಒಳಗೆ ಟೈಮರ್ ಇಡೋ ಸೆಟ್‌ಟೈಮ್‌ಔಟ್ ಹಾಕಿದ್ರೆ, ಮೂರು ಗಂಟೆ ಆದ್ಮೇಲೆ ನಾಲ್ಕೂ ವಾಲ್ವ್ ಒಟ್ಟಿಗೇ ತೆರ್ಕೊಂಡ್ವು, ಪ್ರೆಶರ್ ಸಾಲ್ದೆ ನೀರು ಚಿಮ್ಮಿಸೋ ಒಂದು ಜೆಟ್ಟೂ ತಿರುಗ್ಲಿಲ್ಲ. ಹೂವಿನ ನೀರು (ಹೂ ಅರಳೋಕೆ ಕೊಡೋದು) ಮುಗಿದು 25 ದಿನಕ್ಕೆ ಬ್ಯಾಕಿಂಗ್ (ಅದಾದ್ಮೇಲೆ ಕೊಡೋ ಎರಡನೇ ನೀರು) ಅಂತ ಹಾಕಿದ ಟೈಮರ್ ಅಂತೂ ಹಾಕಿದ ತಕ್ಷಣ ಓಡೇಬಿಡ್ತು. ಏನ್ ತಪ್ಪಾಗಿದೆ?

ಉತ್ತರ: ಸೆಟ್‌ಟೈಮ್‌ಔಟ್ ಯಾರನ್ನೂ ಕಾಯ್ಸಲ್ಲ, "ಇಷ್ಟೊತ್ತಾದ್ಮೇಲೆ ಇದನ್ನ ಮಾಡು" ಅಂತ ಬರ್ಕೊಂಡು ಮುಂದಿನ ಸಾಲಿಗೆ ಹೋಗ್ಬಿಡುತ್ತೆ. ನಿಮ್ಮ ಲೂಪ್ ಕಣ್ಣು ಮಿಟುಕಿಸೋದ್ರೊಳಗೆ ನಾಲ್ಕು ಸಲ ಸುತ್ತಿ ನಾಲ್ಕು ಟೈಮರನ್ನೂ ಒಂದೇ ಹೊತ್ತಿಗೆ ಇಟ್ಟಿದೆ, ಅದಕ್ಕೇ ನಾಲ್ಕೂ ಒಟ್ಟಿಗೆ ಬಡೀತು. ಸೆಟ್‌ಟೈಮ್‌ಔಟನ್ನ ಒಂದು ಪ್ರಾಮಿಸ್ (ಕೆಲ್ಸ ಮುಗಿದಾಗ ತಿಳಿಸೋ ವ್ಯವಸ್ಥೆ) ಒಳಗಿಟ್ಟು ಲೂಪಲ್ಲಿ ಅವೈಟ್ ಮಾಡಿದ್ರೆ, ಅಂದ್ರೆ ಅದು ಮುಗಿಯೋವರ್ಗೂ ಕಾಯ್ಸಿದ್ರೆ, ಒಂದಾದ್ಮೇಲೊಂದು ನಡೆಯುತ್ತೆ (ಫಾರ್‌ಈಚ್ ಅನ್ನೋ ಇನ್ನೊಂದು ಥರದ ಸುತ್ತು ಬಳಸ್ಬೇಡಿ, ಅದು ಅವೈಟಿಗೆ ನಿಲ್ಲಲ್ಲ).

25 ದಿನದ ಕಥೆ ಬೇರೆ. ನೋಡ್‌ನಲ್ಲಿ ಟೈಮರಿನ ಮಿತಿ 214 ಕೋಟಿ 74 ಲಕ್ಷ ಚಿಲ್ರೆ ಮಿಲಿಸೆಕೆಂಡ್, ಅಂದ್ರೆ 24 ದಿನ 20 ಗಂಟೆ ಚಿಲ್ರೆ. ನಿಮ್ದು 216 ಕೋಟಿ. ಮಿತಿ ದಾಟಿದ್ರೆ ಅದು ಒಂದು ವಾರ್ನಿಂಗ್ ಪ್ರಿಂಟ್ ಮಾಡಿ ಟೈಮರನ್ನ 1 ಮಿಲಿಸೆಕೆಂಡಿಗೆ ಇಳಿಸುತ್ತೆ. 24 ದಿನ ಹಾಕಿದ್ರೆ ಈ ತೊಂದ್ರೆ ಕಾಣ್ತಾನೇ ಇರ್ಲಿಲ್ಲ.

ಆದ್ರೆ ಇವೆರಡೂ ಸರಿ ಮಾಡಿದ್ರೂ ನಾನು ಆ ಪ್ರೋಗ್ರಾಂ ನಂಬಿ ಮೋಟಾರ್ ಬಿಡಲ್ಲ. ಟೈಮರ್ ಇರೋದು ಮೆಮೊರೀಲಿ, ಎರಡನೇ ಬ್ಲಾಕ್ ಓಡ್ತಿರುವಾಗ ಕರೆಂಟ್ ಹೋಯ್ತು ಅಂದ್ರೆ ಟೈಮರೂ ಹೋಯ್ತು, ತಿರುಗಿ ಬಂದಾಗ ಅದಕ್ಕೆ ಎಲ್ಲಿಗೆ ನಿಂತಿತ್ತು ಅಂತ ಗೊತ್ತೇ ಇರಲ್ಲ. ಅದಕ್ಕೆ ಕೆಲ್ಸದ ಪಟ್ಟೀನ ಫೈಲಲ್ಲಿಡಿ, ಪ್ರೋಗ್ರಾಂ ನಿಮಿಷಕ್ಕೊಂದ್ಸಲ ಅದನ್ನ ಓದಿ ಏನ್ ಬಾಕಿ ಇದೆ ನೋಡ್ಲಿ.

ಇಲ್ಲಿ ನಿಮ್ಮ ಎರಡು ಕಾಯುವಿಕೆ ಒಂದೇ ಥರದ್ದಲ್ಲ ಅನ್ನೋದನ್ನ ಗಮನಿಸಿ. ಬ್ಲಾಕಿಗೆ ಬೇಕಾಗಿರೋದು ಮೂರು ಗಂಟೆ ನೀರು, ಗಡಿಯಾರದ ಮೂರು ಗಂಟೆ ಅಲ್ಲ, ಹಾಗಾಗಿ ಮೋಟಾರ್ ನಿಜವಾಗಿ ಓಡಿದ ನಿಮಿಷ ಎಣಿಸಿ "ಎರಡನೇ ಬ್ಲಾಕ್, 70 ನಿಮಿಷ ಬಾಕಿ" ಅಂತ ಬರೀತಾ ಹೋಗಿ. ಬ್ಯಾಕಿಂಗಿಗೆ ಮಾತ್ರ ತಾರೀಕು ಬರ್ದಿಡಿ. ಪೈ 4ರಲ್ಲಿ ಬ್ಯಾಟರಿ ಗಡಿಯಾರ ಇಲ್ಲ, ನೆಟ್ ಇಲ್ದೆ ಆನ್ ಆದ್ರೆ ಹಳೇ ಟೈಮನ್ನೇ ಹಿಡ್ಕೊಂಡಿರುತ್ತೆ, ಡಿಎಸ್3231 ಅಂತ ಬ್ಯಾಟರಿ ಗಡಿಯಾರದ ಸಣ್ಣ ಮಾಡ್ಯೂಲ್ ಸಿಗುತ್ತೆ, ಹಾಕ್ಕೊಳ್ಳಿ.

ಬ್ಲಾಕ್ ಬದಲಾಯಿಸುವಾಗ ಮುಂದಿನ ವಾಲ್ವ್ ಪೂರ್ತಿ ತೆರೆದ್ಮೇಲೇ ಹಿಂದಿನದು ಮುಚ್ಬೇಕು, ಉಲ್ಟಾ ಆದ್ರೆ ಮೋಟಾರ್ ಮುಚ್ಚಿದ ಪೈಪಿಗೆ ನೀರು ತಳ್ಳುತ್ತೆ, ಜಾಯಿಂಟ್ ಕಿತ್ಕೊಳ್ಳುತ್ತೆ. ಕೊನೇಲಿ ಮೊದ್ಲು ಮೋಟಾರ್ ಆಫ್, ಆಮೇಲೆ ವಾಲ್ವ್. ಕರೆಂಟ್ ಬಂದಾಗ್ಲೂ ಮೊದ್ಲು ವಾಲ್ವ್ ತೆರೀಲಿ.

ಪಟ್ಟಿ ಫೈಲಲ್ಲಿದ್ರೆ ಇನ್ನೊಂದು ಅನುಕೂಲ, ನಡುವೆ ಒಳ್ಳೇ ಮಳೆ ಬಂತು ಅಂದ್ರೆ ಕೋಡ್ ಮುಟ್ಟದೆ ಬ್ಯಾಕಿಂಗಿನ ಆ ಒಂದು ಸಾಲು ಅಳಿಸಿದ್ರೆ ಆಯ್ತು.